ಬೀಡಿ ಕಟ್ಟಿನ ಗಂಟು

ವಿಮಾನಗಳಿಗೆ ಹೋಗುವ ಹೆಡ್‌ಫೋನುಗಳನ್ನು ನೋಡಿ, ಸರಿ ಇದ್ದವನ್ನು ಟ್ರಾಲಿಗೆ ತುಂಬುವುದು ವೈಲೆಟ್‌ಬಾಯಿಯ ಕೆಲಸ. ವಿಲಾಯತಿಯ ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್‌ನ ಗೋದಾಮಿನಲ್ಲಿ ಹನ್ನೊಂದು ವರ್ಷ ಮಾಡಿದ್ದು ಅದನ್ನೇ. ಈ ಚಳಿಗಾಲದಲ್ಲಿ ಮಾತ್ರ ಪಾಳಿಗೆ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುತ್ತಿದ್ದಳು.

ಕಾರಣ, ಮಗ ವ್ಯಾಲೆಂಟೈನ್. ಕದ್ದ ಮಾಲು ಸಾಗಿಸಿ ಸಿಕ್ಕಿಬಿದ್ದು ಜೈಲು ಸೇರಿದ್ದ. ನಾಚಿಕೆಗೆ, ಭೇಟಿಗೆ ಬರುವವರ ಪಟ್ಟಿಯಿಂದ ತಾಯಿಯ ಹೆಸರನ್ನೇ ತೆಗೆಸಿದ್ದ. ಉಳಿದದ್ದು ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಬರುವ ನಾಲ್ಕು ನಿಮಿಷದ ಫೋನು. ಆ ಜೈಲನ್ನು ನಡೆಸುವುದು ಒಂದು ಕಂಪನಿ. ಹೋಟೆಲು ನಡೆಸಿದ ಹಾಗೆ ಲಾಭಕ್ಕೆ ಜೈಲು ನಡೆಸುವವರೂ ಈ ಲೋಕದಲ್ಲಿದ್ದಾರೆ. ಅಲ್ಲಿ ಕೆಲಸ ಒಲ್ಲೆ ಎಂದರೆ ಟೀವಿ ಹೋಗುತ್ತದೆ, ಹಗಲೆಲ್ಲ ಬಾಗಿಲು ಮುಚ್ಚಿರುತ್ತದೆ. ಒಪ್ಪಿ ದಿನವಿಡೀ ದುಡಿದರೆ ಒಂದು ಫೋನು ಕರೆಗೆ ಸಾಲುವಷ್ಟು ಕೂಲಿ. ವ್ಯಾಲೆಂಟೈನನ ಪಾಲಿಗೆ ಬಂದದ್ದು, ವಿಮಾನದಿಂದ ಇಳಿದ ಹೆಡ್‌ಫೋನುಗಳನ್ನು ಒರೆಸಿ, ವಯರು ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕುವುದು. ಆ ಚೀಲಗಳು ಬಂದಿಳಿಯುವುದು ತಾಯಿಯ ಗೋದಾಮಿಗೇ.

ನವೆಂಬರಿನ ಒಂದು ಬೆಳಿಗ್ಗೆ ಅಂಥ ಚೀಲವೊಂದು ಅವಳ ಕೈಗೆ ಬಂತು. ವಯರಿಗೆ ಎರಡು ಸುತ್ತು, ತುದಿ ಎರಡನೆಯದರ ಅಡಿಗೆ, ಎಳೆದರೆ ಬಿಚ್ಚಿಕೊಳ್ಳುವ ಸಣ್ಣ ಕುಣಿಕೆ. ಕಿನ್ನಿಗೋಳಿಯ ಮನೆಯಲ್ಲಿ ಅವಳ ತಾಯಿ ಬೀಡಿ ಕಟ್ಟಿಗೆ ನೂಲು ಸುತ್ತುತ್ತಿದ್ದುದು ಹೀಗೇ. ವೈಲೆಟ್‌ಬಾಯಿ ಕೊತ್ತಂಬರಿ ಸೊಪ್ಪನ್ನೂ ಚಾರ್ಜರನ್ನೂ ಹೀಗೇ ಕಟ್ಟುವಳು, ಮಗ ನಗುತ್ತ ನಗುತ್ತ ಕಲಿತಿದ್ದ. ಅವಳ ಕಣ್ಣು ತುಂಬಿ ಬಂತು. ಚೀಲದ ಮೇಲಿಂದಲೇ ಗಂಟನ್ನು ಸವರಿದಳು, ಟ್ರಾಲಿಗಿಟ್ಟಳು.

ಆಮೇಲೆ ದಿನಕ್ಕೆ ಐದಾರು ಸಿಗತೊಡಗಿದವು. ಗಂಟು ಬಿಗಿ ಇದ್ದರೆ ಮಗ ಚೆನ್ನಾಗಿದ್ದಾನೆ, ಸಡಿಲವಾದರೆ ಜ್ವರವೇನೋ ಎಂದು ತಾನೇ ಲೆಕ್ಕ ಹಾಕುವಳು. ಒಂದನ್ನು ಕೋಟಿನ ಜೇಬಿಗೆ ಇಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮಗ ಒಳಗೆ ಹೋದದ್ದೇ ಪರರ ಮಾಲು ಮುಟ್ಟಿ. ತಾಯಿಯೂ ಮುಟ್ಟುವುದೇ? ನಾಳೆ ಮತ್ತೆ ಬರುತ್ತದಲ್ಲ ಎಂದು ಬಿಡುತ್ತಿದ್ದಳು.

ತಡೆಯಲಾರದ್ದು ಹೆಮ್ಮೆ. ಒಂದು ದಿನ ಸೂಪರ್‌ವೈಸರ್, ಬೆಂಗಳೂರಿನ ಹುಡುಗ ರಾಕೇಶ್‌ಗೆ ತೋರಿಸಿಯೇಬಿಟ್ಟಳು. "ಇದು ನೋಡಿ ಮಾರಾಯ್ರೆ, ಎಷ್ಟು ಚಂದ ಕಟ್ಟಿದ್ದಾರೆ. ಸಿಕ್ಕು ಆಗುದೇ ಇಲ್ಲ." ಯಾರ ಕೈ ಎಂದು ಹೇಳಲಿಲ್ಲ.

ಮೂರು ವಾರಕ್ಕೆ ರಾಕೇಶ್ ನಗುತ್ತ ಬಂದ. "ವೈಲೆಟ್ ಆಂಟಿ, ನೀವ್ ಹೇಳಿದ್ದನ್ನ ಜೈಲ್ ಕಂಪನಿಗೆ ಮೇಲ್ ಹಾಕಿದ್ದೆ. ಈಗ ಅಲ್ಲಿರೋರೆಲ್ಲ ಹಿಂಗೇ ಕಟ್ತಾರಂತೆ. ಟೈಮೂ ಉಳಿಯತ್ತಂತೆ ಅವ್ರಿಗೆ."

ಅವತ್ತಿನ ಪೆಟ್ಟಿಗೆಗಳನ್ನು ಅವಳು ಒಂದೊಂದಾಗಿ ತೆರೆದಳು. ಎಲ್ಲದರಲ್ಲೂ ಅದೇ ಎರಡು ಸುತ್ತು, ಅದೇ ಕುಣಿಕೆ. ಮಗನದು ಯಾವುದೆಂದು ಹುಡುಕಿ ಹುಡುಕಿ ಬೆರಳು ಸೋತವು.

ಭಾನುವಾರ ಫೋನು ಬಂತು. ಮಗನ ಕೊಂಕಣಿಯಲ್ಲಿ ಎಷ್ಟೋ ದಿನಕ್ಕೆ ಗೆಲುವಿತ್ತು. "ಮಮ್ಮಿ, ನಮ್ಮ ಬೀಡಿ ಗಂಟು ಇವರಿಗೆ ಬಹಳ ಹಿಡಿಸಿದೆ. ನನ್ನನ್ನು ಮೇಸ್ತ್ರಿ ಮಾಡಿದ್ದಾರೆ. ಈಗ ನಾನು ಒಂದನ್ನೂ ಕಟ್ಟುವುದಿಲ್ಲ, ನಲವತ್ತು ಜನರಿಗೆ ಕಲಿಸುವುದು ಅಷ್ಟೇ."

"ಒಳ್ಳೆಯದಾಯ್ತು ಮಗಾ" ಎಂದಳು. ನಾಲ್ಕು ನಿಮಿಷ ಮುಗಿಯಿತು.

ಸೋಮವಾರ ಅವಳು ಪಾಳಿಗೆ ಸರಿಯಾದ ಹೊತ್ತಿಗೇ ಹೋದಳು. ಸಾವಿರ ಗಂಟುಗಳು ಕೈಯಡಿ ಹಾದುಹೋದವು, ಅವನ ಕೈಯದು ಒಂದೂ ಇರಲಿಲ್ಲ. ಒಂದನ್ನಾದರೂ ಇಟ್ಟುಕೊಳ್ಳಬೇಕಿತ್ತು.