ನಸೀಮಾ ಹೊಡೆದ ಹೋಮ್ ರನ್

ಕಳೆದ ಭಾನುವಾರ ನೀವು ನನ್ನನ್ನು ಟಿವಿಯಲ್ಲಿ ನೋಡಿರಬಹುದು. ತಲೆಗೆ ಕೆಂಪು ಬೇಸ್‌ಬಾಲ್ ಟೋಪಿ, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ, ಮುಖದಲ್ಲಿ ಒಂದು ಪೆದ್ದು ನಗು. (ನೋಡದವರು ಪುಣ್ಯವಂತರು.)

ನಮ್ಮೂರಿನ ಒಂದು ಕೇಬಲ್ ಚಾನೆಲ್‌ನ ಹೊಸ ಸ್ಪೋರ್ಟ್ಸ್ ಕ್ವಿಜ್ ಅದು. ಪ್ರಶ್ನೆಗಳು ಎಲ್ಲ ಆಟಗಳದ್ದು, ನಿಯಮ ಮಾತ್ರ ಬೇಸ್‌ಬಾಲಿನದ್ದು. ಮಂಗಳೂರಿನಲ್ಲಿ ಬೇಸ್‌ಬಾಲ್ ಯಾರು ಆಡುತ್ತಾರೆ ಎಂದು ನನ್ನನ್ನು ಕೇಳಬೇಡಿ. ಸ್ಟುಡಿಯೋದ ನೆಲದಲ್ಲಿ ನಾಲ್ಕು ಬಿಳಿ ಚೌಕ ಬರೆದಿದ್ದರು. ಸುಲಭದ ಪ್ರಶ್ನೆಗೆ ಉತ್ತರ ಹೇಳಿದರೆ ಒಂದು ಚೌಕ ಮುಂದೆ. ನಾಲ್ಕೂ ದಾಟಿದರೆ ಒಂದು ರನ್. ಧೈರ್ಯ ಇದ್ದವರು ‘ಹೋಮ್ ರನ್’ ಕೇಳಬಹುದು. ಕಠಿಣ ಪ್ರಶ್ನೆ, ಆದರೆ ಉತ್ತರ ಸರಿಯಾದರೆ ನೇರ ಒಂದು ರನ್. ಮೂರು ಉತ್ತರ ತಪ್ಪಿದರೆ ಔಟ್.

ನಮ್ಮಿಬ್ಬರ ಹೆಸರು ಕೊಟ್ಟವಳು ನಸೀಮಾ. ಬಿಜೈಯಲ್ಲಿ ನಮ್ಮ ಎದುರು ಫ್ಲಾಟಿನವಳು. ಕಂಕನಾಡಿಯಲ್ಲಿ ಅವರದು ಚಪ್ಪಲಿ ಅಂಗಡಿ, ಗಂಡನ ಜೊತೆ ಅವಳೂ ಕೂರುತ್ತಾಳೆ. ಒಂಬತ್ತನೆಯ ತರಗತಿಯವರೆಗೆ ಶಾಲೆಯ ಕಬಡ್ಡಿ ಟೀಮಿನಲ್ಲಿದ್ದಳು. ಆಮೇಲೆ ಮನೆಯಲ್ಲಿ ಸಾಕು ಅಂದರಂತೆ. ಕಾಲಿಗೆ ಸಾಕಾಯಿತು, ತಲೆಗೆ ಆಗಲಿಲ್ಲ. ಯಾವ ಆಟದ ಯಾವ ನಿಯಮ ಕೇಳಿದರೂ ಚಪ್ಪಲಿಯ ಸೈಜ್ ಹೇಳಿದಷ್ಟು ಸಲೀಸಾಗಿ ಹೇಳುತ್ತಾಳೆ.

ರೆಕಾರ್ಡಿಂಗಿಗೆ ಮೊದಲು ನಿರ್ದೇಶಕರು ನಮ್ಮನ್ನು ಬದಿಗೆ ಕರೆದರು. ಹೆದರಬೇಡಿ, ಲೇಡೀಸ್ ಟೀಮ್ ಅಂತ ನಿಮಗೆ ಈಸಿ ಪ್ರಶ್ನೆಗಳನ್ನೇ ಬೇರೆ ಇಟ್ಟಿದ್ದೇವೆ ಎಂದರು. ನನಗೆ ನಿಜಕ್ಕೂ ಸಮಾಧಾನವಾಯಿತು. (ಒಪ್ಪಿಕೊಳ್ಳುತ್ತೇನೆ.) ನಸೀಮಾ ಸ್ಕಾರ್ಫಿನ ಮೇಲೆ ಟೋಪಿ ಸರಿ ಮಾಡಿಕೊಳ್ಳುತ್ತಾ ಹೇಳಿದಳು, “ಬೇಡ ಸರ್. ಅವರಿಗೆ ಕೇಳುವುದನ್ನೇ ನಮಗೂ ಕೇಳಿ.”

‘ಅವರು’ ಎಂದರೆ ಪಣಂಬೂರು ಕಡೆಯ ಒಂದು ಕಂಪೆನಿಯ ಇಬ್ಬರು ಎಂಜಿನಿಯರ್‌ಗಳು. ಒಳ್ಳೆಯವರೇ. ಚುರುಕಾಗಿಯೂ ಇದ್ದರು.

ಆಟ ಅರ್ಧ ದಾಟುವಾಗ ಎರಡೂ ಟೀಮಿನದು ಮೂರು ಮೂರು ರನ್. ನಮ್ಮದು ಎರಡು ಉತ್ತರ ತಪ್ಪಿತ್ತು, ಎರಡೂ ನನ್ನ ಕೃಪೆ. ಇನ್ನೊಂದು ತಪ್ಪಿದರೆ ಔಟ್. ಸುಲಭದ್ದು ತೆಗೆದುಕೊಳ್ಳೋಣ ಎಂದು ನಾನು ಪಿಸುಗುಟ್ಟಿದೆ. ನಸೀಮಾ ಹೋಮ್ ರನ್ ಕೇಳಿದಳು.

ಪ್ರಶ್ನೆ ಕಬಡ್ಡಿಯದ್ದು. ರೈಡರ್‌ಗೆ ಬೋನಸ್ ಪಾಯಿಂಟ್ ಸಿಗಬೇಕಾದರೆ ಎದುರಾಳಿ ಕಡೆ ಕನಿಷ್ಠ ಎಷ್ಟು ಮಂದಿ ಇರಬೇಕು?

“ಆರು.”

ನಿರೂಪಕರು ಕಾರ್ಡ್ ನೋಡಿದರು. ಮುಖ ಸಪ್ಪೆ ಮಾಡಿ, ಅಯ್ಯೋ ಮೇಡಂ, ಏಳು, ಔಟ್ ಎಂದರು. ಪೀಪಿ ಊದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನಗುತ್ತಾ ಹೊರಟೇ ಬಿಟ್ಟೆ. ನಸೀಮಾ ಕದಲಲಿಲ್ಲ.

“ಸರ್, ನಿಮ್ಮ ಕಾರ್ಡಿನಲ್ಲಿ ತಪ್ಪುಂಟು. ಆರು ಜನ ಸಾಕು.”

ಉತ್ತರಗಳನ್ನು ಚಾನೆಲ್‌ನ ತಂಡದವರೇ ತಯಾರು ಮಾಡಿದ್ದು, ಕಾರ್ಡಿನಲ್ಲಿರುವುದೇ ಫೈನಲ್ ಎಂದರು ನಿರೂಪಕರು. ನಿರ್ದೇಶಕರು ಓಡಿ ಬಂದು, ಟೈಮ್ ಆಗ್ತಾ ಉಂಟು, ಒಂದು ಪ್ರಶ್ನೆಗೆ ಎಂತಕ್ಕೆ ಇಷ್ಟು ಮೇಡಂ ಎಂದು ಬೇಸರಿಸಿದರು. ಆಗ ನಾನು ಏನು ಮಾಡಿದೆ ಗೊತ್ತೇ? ಅವಳ ತೋಳು ಹಿಡಿದು ಎಳೆದೆ. “ಬಿಡು ಮಾರಾಯ್ತಿ, ಎಲ್ಲರೂ ನೋಡ್ತಾ ಇದ್ದಾರೆ.”

ಅವಳು ನನ್ನ ಕೈ ಮೆಲ್ಲಗೆ ಬಿಡಿಸಿದಳು. “ನೋಡ್ಲಿ ಶಾಲಿನಿಯಕ್ಕ. ಅದಕ್ಕೇ ಅಲ್ವಾ ಟಿವಿಗೆ ಬಂದದ್ದು?”

ದನಿ ಏರಲಿಲ್ಲ, ಕಣ್ಣು ತುಂಬಲಿಲ್ಲ. ಮೊಬೈಲಿನಲ್ಲಿ ನಿಯಮ ತೆಗೆದು ನೋಡಿ, ಏಳು ಅಂತ ಇದ್ದರೆ ನಾನೇ ಟೋಪಿ ಇಟ್ಟು ಹೋಗುತ್ತೇನೆ ಎಂದಳು. ನಿರ್ದೇಶಕರೇ ತೆಗೆದರು. ಓದಿದರು. ಮತ್ತೊಮ್ಮೆ ಓದಿದರು. ಸರಿ, ಮುಂದಿನ ಪ್ರಶ್ನೆಗೆ ಹೋಗುವ, ರನ್ ಆಮೇಲೆ ಎಡಿಟಿಂಗಿನಲ್ಲಿ ಸೇರಿಸುತ್ತೇವೆ ಎಂದರು. ಅದಕ್ಕೂ ಅವಳು ಒಪ್ಪಲಿಲ್ಲ. ಬೋರ್ಡಿನಲ್ಲಿ ಮೂರು ಹೋಗಿ ನಾಲ್ಕು ಆದ ಮೇಲೆಯೇ ನೀರು ಕುಡಿದದ್ದು.

ಕೊನೆಗೆ ನಾವು ಸೋತೆವು. ಐದು-ನಾಲ್ಕು. ಮೂರನೆಯ ತಪ್ಪು ಉತ್ತರವೂ ನನ್ನದೇ. ನಸೀಮಾ ಎಂಜಿನಿಯರ್‌ಗಳ ಕೈ ಕುಲುಕಿದಳು. ಚಹಾ ಕುಡಿಯುವಾಗ ಅವರಲ್ಲೊಬ್ಬರು, ಆರು ಅಂತ ತನಗೂ ಗೊತ್ತಿತ್ತು ಎಂದರು. ಅವರ ಮೇಲೆ ಸಿಟ್ಟು ಬಂತು. ಆದರೆ ಯಾವ ಬಾಯಲ್ಲಿ ಬೈಯಲಿ? ಅವರು ಬರೀ ಸುಮ್ಮನಿದ್ದರು. ನಾನು ತೋಳು ಹಿಡಿದು ಎಳೆದವಳು.

ಭಾನುವಾರ ಕಾರ್ಯಕ್ರಮ ಬಂತು. ಅವಳ ಮನೆಯಲ್ಲೇ ಕುಳಿತು ನೋಡಿದೆವು. ಪ್ರಶ್ನೆ ಬಂತು, ಅವಳ ಉತ್ತರ ಬಂತು. ಮರುಕ್ಷಣ ನಿರೂಪಕರು ನಗುತ್ತಾ, ಲೇಡೀಸ್ ಟೀಮಿಗೆ ಒಂದು ರನ್ ಎನ್ನುತ್ತಿದ್ದಾರೆ! ಏಳು ಇಲ್ಲ, ಪೀಪಿ ಇಲ್ಲ, ತಪ್ಪು ಕಾರ್ಡ್ ಇಲ್ಲ. ನಾವು ನಕ್ಕದ್ದು ಮಾತ್ರ ಒಂದೂ ಬಿಡದೆ ಇತ್ತು. ಮರುದಿನ ಲಿಫ್ಟಿನಲ್ಲಿ ಸಿಕ್ಕಿದ ಮೇಲಿನ ಮನೆಯವರು, ಹೆಂಗಸರು ಅಂತ ನಿಮಗೊಂದು ರನ್ ಕೊಟ್ಟರಲ್ಲ, ಒಳ್ಳೆಯದಾಯಿತು ಎಂದರು.

ಕೊಟ್ಟದ್ದಲ್ಲ ಸ್ವಾಮಿ, ತೆಗೆದುಕೊಂಡದ್ದು. ಈ ಸಲ ನಾನು ನಗಲಿಲ್ಲ. ನಾಲ್ಕನೆಯ ಮಹಡಿಯಿಂದ ಕೆಳಗಿನವರೆಗೆ ಇಡೀ ಕತೆ ಹೇಳಿದೆ. ಸಾಲದ್ದಕ್ಕೆ ಇಲ್ಲಿ ಬರೆದೂ ಬಿಟ್ಟಿದ್ದೇನೆ.

ಚಾನೆಲ್‌ನವರಿಗೆ ನನ್ನದು ಒಂದೇ ಪ್ರಶ್ನೆ, ಬೇಕಾದರೆ ಹೋಮ್ ರನ್ ಎಂದೇ ಇಟ್ಟುಕೊಳ್ಳಿ: ನಾವು ವಾದಿಸಿದ್ದನ್ನೆಲ್ಲ ಕತ್ತರಿಸಿದವರಿಗೆ, ನಾವು ನಕ್ಕದ್ದರಲ್ಲಿ ಒಂದನ್ನೂ ಕತ್ತರಿಸಬೇಕು ಅಂತ ಯಾಕೆ ಅನ್ನಿಸಲಿಲ್ಲ?