ಕೆನೆ ತೆಗೆದ ಸಗಣಿ

“ಕಟ್ಟಿಗೆ ಮುಗಿಯೋದೇ ಇಲ್ಲ ಮಿಸ್. ಮುಗಿದ್ರೆ ನಾನು ಓಗಿ ತತ್ತೀನಲ್ಲ.”

ಹತ್ತನೇ ಕ್ಲಾಸಿನ ರತ್ನಮ್ಮ ಎದ್ದು ನಿಂತು ಹೀಗೆ ಉತ್ತರ ಕೊಟ್ಟಾಗ ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಆಮೇಲೆ ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೇ ಕೇಳಬೇಡಿ. ಪೂರ್ತಿ ಓದಿ, ನಿಮಗೂ ಬರುತ್ತದೆ.

ನಾನು ವಿಜ್ಞಾನದ ಟೀಚರು ಅನ್ನುವುದು ನಿಮಗೆ ಗೊತ್ತೇ ಇದೆ. (ಹೊಸ ಓದುಗರಿಗೆ: ದಾವಣಗೆರೆ ಕಡೆಯವಳು. ಯಜಮಾನರು ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ನಾನು ರಾಬರ್ಟ್‌ಸನ್‌ಪೇಟೆಯ ಒಂದು ಕನ್ನಡ ಹೈಸ್ಕೂಲಿನಲ್ಲಿ ಗಂಟಲು ಹರಿದುಕೊಳ್ಳುತ್ತೇನೆ.) ಅವತ್ತಿನ ಪಾಠದ ಹೆಸರೇ ಒಂದು ಶಿಕ್ಷೆ. ‘ನವೀಕರಿಸಬಹುದಾದ ಮತ್ತು ನವೀಕರಿಸಲಾಗದ ಶಕ್ತಿ ಸಂಪನ್ಮೂಲಗಳು.’ ಒಂದೇ ಉಸಿರಿಗೆ ಹೇಳಿ ನೋಡೋಣ. ನನ್ನ ಕ್ಲಾಸಿನಲ್ಲಿ ಮನೆಯಲ್ಲಿ ತಮಿಳಾಡುವವರಿದ್ದಾರೆ, ತೆಲುಗಾಡುವವರಿದ್ದಾರೆ, ಕ್ಯಾಸಂಬಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುವ ಕನ್ನಡದ ಮಕ್ಕಳಿದ್ದಾರೆ. ಮೂರೂ ಮನೆಯವರಿಗೆ ಸಮನಾಗಿ ಅರ್ಥವಾಗದ ಪದವನ್ನು ಹುಡುಕಿ ತಂದ ಮಹಾನುಭಾವರು ಯಾರೋ.

“ನವೀಕರಣ ಅಂದ್ರೇನು, ಯಾರಿಗಾದ್ರೂ ಗೊತ್ತಾ?” ಅಂದೆ.

ಅರ್ಧ ಕ್ಲಾಸು ಕೈ ಎತ್ತಿತು. ನನಗೆ ಆಶ್ಚರ್ಯ.

“ಬಸ್ ಪಾಸು ಮಿಸ್. ಕ್ಯೂ ನಿಂತು ಸೀಲ್ ಹಾಕಿಸ್ಕೊಂಡು ಬರೋದು.”

ತಪ್ಪೇನೂ ಅಲ್ಲ. ಪಾಸಿನ ಮೇಲೆ ಅದೇ ಪದ ಇರುತ್ತದೆ. ಆದರೆ ಸೂರ್ಯನಿಗೆ ಯಾವ ಡಿಪೋದಲ್ಲಿ ಸೀಲ್ ಹಾಕುತ್ತಾರೆ ಅಂತ ಇನ್ನೊಬ್ಬ ಕೇಳಿದಾಗ ನಾನು ಪಠ್ಯಪುಸ್ತಕ ಮುಚ್ಚಿಟ್ಟೆ. ಬೋರ್ಡಿನ ಮಧ್ಯೆ ಉದ್ದಕ್ಕೆ ಒಂದು ಗೆರೆ ಎಳೆದೆ. ಎಡಗಡೆ ‘ಮುಗಿಯುವುದು’, ಬಲಗಡೆ ‘ಮುಗಿಯದ್ದು’. ಇಷ್ಟು ಸಾಕಲ್ಲವೇ? ಕಲ್ಲಿದ್ದಲು, ಪೆಟ್ರೋಲು, ಸೀಮೆಎಣ್ಣೆ ಎಡಕ್ಕೆ. ಬಿಸಿಲು, ಗಾಳಿ, ಹರಿಯುವ ನೀರು ಬಲಕ್ಕೆ. ಸರಸರ ಹೋಗುತ್ತಿತ್ತು ಪಾಠ.

ಗಣಿ ಕಾರ್ಮಿಕರ ಕಾಲೊನಿ ಮೈಸೂರು ಮೈನ್ಸ್‌ನಿಂದ ಬರುವ ಸೆಲ್ವಂ ಕೈ ಎತ್ತಿದ. “ಚಿನ್ನ ಯಾವ ಕಡೆ ಮಿಸ್?”

ಚಿನ್ನ ಶಕ್ತಿಯ ಮೂಲ ಅಲ್ಲ ಕಣೋ ಅಂದೆ.

“ನಮ್ಮನೇಲಿ ಅದೇ ಮಿಸ್” ಅಂದ.

ಅವನ ಅಪ್ಪ ಗಣಿಯೊಳಗೆ ಇಳಿಯುವವರು. ಗಣಿ ಮುಚ್ಚುತ್ತಾರಂತೆ ಎಂಬ ಮಾತು ಊರಿನಲ್ಲಿ ಎದ್ದಾಗಲೆಲ್ಲ ಈ ಹುಡುಗನ ಮುಖ ಚಿಕ್ಕದಾಗುತ್ತದೆ. ನಾನು ಅವಸರವಾಗಿ ಮುಂದಿನ ಸಾಲಿಗೆ ಹೋದೆ.

ಮುಂದಿನ ಸಾಲು, ಕಟ್ಟಿಗೆ. ಮರ ಮತ್ತೆ ಬೆಳೆಯುತ್ತದೆ, ಆದ್ದರಿಂದ ಬಲಗಡೆ ಅನ್ನುತ್ತದೆ ಪುಸ್ತಕ. ಯಾಕೆ ಬಲಗಡೆ ಅಂತ ಕೇಳಿದ್ದಕ್ಕೆ ರತ್ನಮ್ಮ ಕೊಟ್ಟ ಕಾರಣವೇ ಮೊದಲ ಸಾಲಿನಲ್ಲಿ ಬರೆದದ್ದು. ಅವಳು ತಮಾಷೆ ಮಾಡುವ ಹುಡುಗಿಯಲ್ಲ. ಎಲ್ಲರೂ ಯಾಕೆ ನಗುತ್ತಿದ್ದಾರೆ ಅಂತಲೂ ಅವಳಿಗೆ ತಿಳಿಯಲಿಲ್ಲ. ಮುಗಿದರೆ ತರುತ್ತಾಳೆ, ಅಂದಮೇಲೆ ಮುಗಿಯುವುದಿಲ್ಲ. ಲೆಕ್ಕದಲ್ಲಿ ಬಹಳ ಚುರುಕಾದ ಹುಡುಗಿ ಅವಳು, ಲೆಕ್ಕ ಮಾಡಿಯೇ ಹೇಳಿದ್ದಳು.

ಆಗಲೇ ನನ್ನ ತಲೆಗೆ ಹೊಳೆದದ್ದು, ಈ ಹುಡುಗಿ ಆಗಾಗ ಮಾಯವಾಗುವುದು ಯಾಕೆ ಅಂತ. ಮನೆಯಲ್ಲಿ ಕಟ್ಟಿಗೆ ಮುಗಿದ ದಿನ ಶಾಲೆಗಿಲ್ಲ. ನೀಲಗಿರಿ ತೋಪಿಗೆ ಹೋಗಿ ಒಣಕಡ್ಡಿ, ಎಲೆ ಗುಡಿಸಿ, ವಾಚರು ಓಡಿಸಿದರೆ ಓಡಿ, ಹೊರೆ ಕಟ್ಟಿಕೊಂಡು ಬರುವಷ್ಟರಲ್ಲಿ ಬಸ್ಸು ರಾಬರ್ಟ್‌ಸನ್‌ಪೇಟೆ ತಲುಪಿರುತ್ತದೆ. ಹೆಡ್‌ಮಾಸ್ಟರು ಅದೇ ವಾರ ನನ್ನನ್ನು ಕರೆದು ಹೇಳಿದ್ದರು: “ಮೇಡಂ, ಈ ಹುಡುಗಿ ಹೀಗೇ ತಪ್ಪಿಸ್ತಾ ಇದ್ರೆ ಹಾಜರಿ ಸಾಲದು. ಎಸ್ಸೆಸ್ಸೆಲ್ಸಿಗೆ ಕೂರಿಸೋಕಾಗಲ್ಲ. ಆಮೇಲೆ ನನ್ನ ಮುಂದೆ ಬಂದು ಅಳಬೇಡಿ.”

(ಅಳುವವಳು ನಾನಲ್ಲ. ಜಗಳ ಆಡುವವಳು. ಅವರಿಗೂ ಗೊತ್ತು.)

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಮೇಲೆ ರತ್ನಮ್ಮನ ಜೊತೆಗೇ ಬಸ್ಸು ಹತ್ತಿದೆ. ಕ್ಯಾಸಂಬಳ್ಳಿಯ ಮಗ್ಗುಲಿನ ಹಳ್ಳಿ. ಮನೆ ಮುಂದೆ ದಷ್ಟಪುಷ್ಟ ಸೀಮೆಹಸುಗಳು. ಅಪ್ಪ ನಾರಾಯಣಪ್ಪ ಡೈರಿಗೆ ಹಾಲು ಹಾಕುವವರು. ಅಣ್ಣ ಬಂಗಾರಪೇಟೆಯ ಕಾಲೇಜಿಗೆ ಹೋಗುತ್ತಾನೆ. ಅಮ್ಮ ಹೊಲಕ್ಕೆ ಹೋಗಿದ್ದರು. ಜಗಲಿಯ ಮೇಲೆ ಅಜ್ಜಿ ಕೂತಿದ್ದರು. ಅಷ್ಟೆಲ್ಲ ನೋಡಿಕೊಂಡು ಹಿತ್ತಲ ಕಡೆ ತಿರುಗಿದೆ, ಅಲ್ಲೇ ನಿಂತೆ.

ಗೋಬರ್ ಗ್ಯಾಸು. ಗುಂಡಿ, ಸಗಣಿ ಕಲಸುವ ತೊಟ್ಟಿ, ಕಬ್ಬಿಣದ ದೊಡ್ಡ ಡ್ರಮ್ಮು, ಎಲ್ಲ ಸರ್ಕಾರದ ಸಬ್ಸಿಡಿಯಲ್ಲಿ ಕಟ್ಟಿಸಿದ್ದು. ಪಠ್ಯಪುಸ್ತಕದ ಚಿತ್ರ ಕಣ್ಣೆದುರು ಇತ್ತು. ಡ್ರಮ್ಮಿನ ಮೇಲೆ ಬಟ್ಟೆ ಒಣಗುತ್ತಿತ್ತು.

“ಇದು ಕೆಟ್ಟಿದೆಯಾ?” ಅಂದೆ.

“ಕೆಟ್ಟಿಲ್ಲ ಟೀಚ್ರಮ್ಮ. ನಾವೇ ಬಿಟ್ಬಿಟ್ವಿ” ಅಂದರು ನಾರಾಯಣಪ್ಪ.

ಮೈ ಉರಿಯಿತು. ಮನೆಯ ಹಿತ್ತಲಲ್ಲಿ ಮುಗಿಯದ ಶಕ್ತಿ ಸಂಪನ್ಮೂಲವನ್ನು ಇಟ್ಟುಕೊಂಡು ಮಗಳನ್ನು ನೀಲಗಿರಿ ತೋಪಿಗೆ ಅಟ್ಟುವುದೆಂದರೇನು? ಒಲೆಯನ್ನು ತೋರಿಸಿ ಅಂದೆ. ಅಡುಗೆಮನೆಯ ಅಟ್ಟದ ಮೇಲೆ ಗ್ಯಾಸ್ ಒಲೆ ಲಕ್ಷಣವಾಗಿ ಕೂತಿತ್ತು, ಅದಕ್ಕೆ ಹಿಂದಿನ ಆಯುಧಪೂಜೆಯ ಕುಂಕುಮ. ಪೂಜೆಗೆ ಮಾತ್ರ ಕೆಳಗಿಳಿಯುತ್ತದಂತೆ.

“ಯಾಕೆ ಬಿಟ್ರಿ?”

ನಾರಾಯಣಪ್ಪ ಬಹಳ ತಾಳ್ಮೆಯಿಂದ ವಿವರಿಸಿದರು. ಗ್ಯಾಸು ಹಚ್ಚಿದ ವರ್ಷ ಆ ಗುಂಡಿಯಿಂದ ಹೊರಬಂದ ಬಗ್ಗಡವನ್ನೇ ರಾಗಿ ಹೊಲಕ್ಕೆ ಹಾಕಿದರಂತೆ. ಬೆಳೆ ಕೈಕೊಟ್ಟಿತಂತೆ. “ಸಗಣೀಲಿರೋ ಸತ್ತ್ವ ಎಲ್ಲಾ ಗ್ಯಾಸಾಗಿ ಒಲೇಲಿ ಉರಿದೋದ್ಮೇಲೆ ಒಲಕ್ಕೇನುಳೀತದೆ? ಕೆನೆ ತೆಗೆದ ಆಲು ಇದ್ದಂಗೆ. ಅದಕ್ಕೇ ಈಗ ಸಗಣಿ ಸೀದಾ ತಿಪ್ಪೆಗೇ.”

ಆ ವರ್ಷ ಮಳೆ ಹೇಗಿತ್ತು ಅಂತ ಕೇಳಿದೆ. ಮಳೆ ಬರಲಿಲ್ಲ ಅಂದರು. ಮತ್ತೆ? ಮಳೆ ಬರದಿದ್ದಕ್ಕೆ ಬೆಳೆ ಹೋಯಿತಲ್ಲವೇ?

“ಮಳೆ ಇಲ್ದಿರೋ ವರ್ಷ ಗೊಬ್ಬರದಲ್ಲಾದ್ರೂ ಸತ್ತ್ವ ಇರ್ಬೇಕಲ್ಲ ಟೀಚ್ರಮ್ಮ.”

ಸರಿ, ಪಾಠ ಶುರು ಮಾಡಿದೆ. ಉರಿಯುವ ಅನಿಲ ಬೇರೆ, ಗಿಡಕ್ಕೆ ಬೇಕಾದ ಸಾರಜನಕ ಬೇರೆ. ಗ್ಯಾಸು ಹೋದರೂ ಸಾರಜನಕ ಬಗ್ಗಡದಲ್ಲೇ ಉಳಿಯುತ್ತದೆ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಚಿತ್ರ ಬರೆದೆ. ಅವರು ಚಿತ್ರವನ್ನೂ ನೋಡಿದರು, ನನ್ನನ್ನೂ ನೋಡಿದರು.

“ಸಾರ ಉರಿದೋದ್ಮೇಲೆ ಇನ್ಯಾವ ಸಾರಜನಕ?”

“ಅಯ್ಯೋ, ಹಾಲು ಬೇರೆ, ಸಗಣಿ ಬೇರೆ ನಾರಾಯಣಪ್ಪನೋರೇ.”

“ಎರಡೂ ಅಸೂಂದೇ ಅಲ್ವಾ ತಾಯಿ?”

ಹೇಳಿ, ಏನು ಉತ್ತರ ಕೊಡುತ್ತೀರಿ? ಬಿ.ಎಸ್ಸಿ. ಓದಿದ್ದೇನೆ, ಬಿ.ಎಡ್. ಮಾಡಿದ್ದೇನೆ. ಎಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ದಿನಾ ಬೆಳಗ್ಗೆ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತು, ಫ್ಯಾಟ್ ಎಷ್ಟು ಬಂತು ಅಂತ ಇಣುಕಿ ನೋಡುವ ಮನುಷ್ಯನಿಗೆ ಲೋಕದಲ್ಲಿ ಎಲ್ಲದರಲ್ಲೂ ಒಂದು ಕೆನೆ ಇದೆ, ಅದನ್ನು ತೆಗೆದರೆ ಉಳಿದದ್ದು ಬರೀ ತಿಳಿನೀರು. ಅವರ ಲೋಕದಲ್ಲಿ ಅವರು ಸರಿಯಾಗಿಯೇ ಇದ್ದರು. ನನ್ನ ಬಸ್ಸಿಗೆ ಹೊತ್ತಾಗುತ್ತಿತ್ತು.

ಅಷ್ಟರಲ್ಲಿ ರತ್ನಮ್ಮ ನನಗೆ ಕುಡಿಯಲು ಮಜ್ಜಿಗೆ ತಂದಳು. ಕೊತ್ತಂಬರಿ, ಹಸಿಮೆಣಸು ಹಾಕಿದ ಒಳ್ಳೆಯ ಮಜ್ಜಿಗೆ. ಲೋಟ ಬಾಯಿಗಿಟ್ಟವಳು ಕೆಳಗಿಳಿಸಿದೆ.

“ಇದರಲ್ಲಿ ಬೆಣ್ಣೆ ಇದೆಯಾ ನಾರಾಯಣಪ್ಪನೋರೇ?”

“ಇಲ್ಲ, ಕಡೆದು ತೆಗೆದಿದ್ದು.”

“ಮತ್ತೆ ಸತ್ತ್ವ ಇಲ್ಲದ್ದನ್ನ ನನಗ್ಯಾಕೆ ಕೊಟ್ರಿ?”

ನಾರಾಯಣಪ್ಪ ಬಾಯಿ ತೆರೆಯುವ ಮೊದಲೇ ಜಗಲಿಯಿಂದ ಅಜ್ಜಿ ಮಾತಾಡಿದರು. “ನಿಜ ಕಣ್ಲಾ ನಾರಾಯಣ. ಬೆಣ್ಣೆ ಎಲ್ಲಾ ಸಂತೆಗೋಗ್ತಿತ್ತು. ಬರೀ ಮಜ್ಜಿಗೆ ಕುಡ್ದೇ ಅಲ್ವಾ ನೀನು ಇಷ್ಟೆತ್ತರ ಬೆಳೆದಿದ್ದು.”

ವಿಜ್ಞಾನ ಸೋತಲ್ಲಿ ಮಜ್ಜಿಗೆ ಗೆದ್ದಿತು. ದಸರಾ ರಜೆಯಲ್ಲಿ ಗ್ಯಾಸ್ ಗುಂಡಿ ಮತ್ತೆ ಶುರು ಮಾಡುತ್ತೇನೆ ಅಂತ ನಾರಾಯಣಪ್ಪ ಒಪ್ಪಿದರು. ನಾನು ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಕೊಚ್ಚಿಕೊಂಡೆ. ಕ್ಲಾಸಿಗೆ ಹೋಗಿ ಬೋರ್ಡಿನ ಬಲಗಡೆ ದಪ್ಪಕ್ಷರದಲ್ಲಿ ‘ಗೋಬರ್ ಗ್ಯಾಸ್’ ಅಂತ ಬರೆದು, ಉದಾಹರಣೆಗೆ ನಮ್ಮ ರತ್ನಮ್ಮನ ಮನೆ ಅಂತ ಹೇಳಿದೆ. ಹುಡುಗಿ ನಾಚಿ ತಲೆ ತಗ್ಗಿಸಿದಳು.

ರಜೆ ಮುಗಿದು ಶಾಲೆ ತೆರೆಯಿತು. ರತ್ನಮ್ಮ ಬರಲಿಲ್ಲ.

ಜ್ವರ ಇರಬೇಕು ಅಂದುಕೊಂಡೆ. ಮುಂದಿನ ವಾರ ಒಂದು ದಿನ ಬಂದಳು, ಮೂರನೇ ಪೀರಿಯಡ್ಡಿಗೆ, ಬಾಗಿಲಲ್ಲಿ ನಿಂತು. ಮತ್ತೆ ಒಂದೆರಡು ದಿನ ಇಲ್ಲ. ಮತ್ತೆ ಬಂದಳು, ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಎಬ್ಬಿಸಿ ಹೊರಗೆ ಕರೆದೆ.

“ಏನೇ ಇದು? ಈಗ ಕಟ್ಟಿಗೆಗೆ ಹೋಗೋ ಕೆಲಸ ಇಲ್ವಲ್ಲ?”

“ಇಲ್ಲ ಮಿಸ್” ಅಂದಳು. “ನೀರಿಗೆ.”

“ಯಾವ ನೀರು?”

“ಗ್ಯಾಸ್‌ಗೆ ಮಿಸ್. ಎಷ್ಟು ಸಗಣಿನೋ ಅಷ್ಟು ನೀರು ಕಲಸ್ಬೇಕಲ್ಲ. ಬೋರಿಂಗ್ ತಾವ ಕ್ಯೂ ಇರ್ತದೆ.”

ಬೋರಿಂಗ್ ಅಂದರೆ ಊರಿನ ಕೈಪಂಪು. ಅರ್ಧ ಊರಿಗೆ ಅದೊಂದೇ. ಬೆಳಗಾಗೆದ್ದು ಬಿಂದಿಗೆ ಹೊತ್ತು ತಂದು, ಸಗಣಿ ಕಲಸಿ, ತೊಟ್ಟಿಗೆ ಬಿಟ್ಟು, ಕೈಕಾಲು ತೊಳೆಯುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಕಟ್ಟಿಗೆಯಾದರೆ ಒಮ್ಮೆ ತಂದರೆ ಕೆಲವು ದಿನಕ್ಕೆ ಸಾಕಾಗುತ್ತಿತ್ತು. ನೀರು ದಿನಾ ಬೇಕು. ಅಣ್ಣ? “ಅವನಿಗೆ ಕಾಲೇಜಿಗೆ ಒತ್ತಾಗ್ತದೆ ಮಿಸ್” ಅಂದಳು, ಅದರಲ್ಲಿ ಕೇಳುವುದೇನಿದೆ ಎಂಬಂತೆ.

ಸ್ಟಾಫ್ ರೂಮಿಗೆ ಬಂದು ಪಠ್ಯಪುಸ್ತಕ ತೆಗೆದು ಆ ಚಿತ್ರ ನೋಡಿದೆ. ಹಸು, ಅದರಿಂದ ಗುಂಡಿಗೆ ಒಂದು ಬಾಣ, ಗುಂಡಿಯಿಂದ ಒಲೆಗೆ ಒಂದು ಬಾಣ. ಒಲೆಯ ಪಕ್ಕ ನಗುವ ಹೆಂಗಸು. ಬಾಣ ಬರೆದವರಿಗೆ ಏನು ಹೋಗಬೇಕು? ಒಂದು ಬಾಣಕ್ಕೆ ಎಷ್ಟು ಬಿಂದಿಗೆ ಅಂತ ಅವರು ಬರೆದಿಲ್ಲ, ವರ್ಷಾನುಗಟ್ಟಲೆ ಅದೇ ಚಿತ್ರ ತೋರಿಸಿ ಪಾಠ ಮಾಡಿದ ನಾನೂ ಕೇಳಿಲ್ಲ. ಹುಡುಗಿ ಶಾಲೆಗೆ ಬರಲಿ ಅಂತ ಹೋದವಳು, ಪೂರ್ತಿ ಬಿಡಿಸುವ ಏರ್ಪಾಟು ಮಾಡಿ ಬಂದಿದ್ದೆ.

ಮತ್ತೆ ಹಳ್ಳಿಗೆ ಹೋದೆ. ನಾರಾಯಣಪ್ಪ ಇರಲಿಲ್ಲ. ಅಣ್ಣ ಇದ್ದ, ಕನ್ನಡಿ ಮುಂದೆ ಕ್ರಾಪು ತೀಡುತ್ತಿದ್ದ. ನೀನು ಎರಡು ಬಿಂದಿಗೆ ತಂದುಕೊಟ್ಟರೆ ನಿನ್ನ ತಂಗಿ ಬಸ್ಸು ಹಿಡೀತಾಳಪ್ಪ ಅಂದೆ. “ಗಂಡಸ್ರು ಬಿಂದಿಗೆ ಎತ್ಕೊಂಡು ಓದ್ರೆ ಬೋರಿಂಗ್ ತಾವ ಎಂಗುಸ್ರು ನಗ್ತಾರೆ ಮಿಸ್” ಅಂದ. ಅಮ್ಮ ಪಾತ್ರೆ ತೊಳೆಯುತ್ತಲೇ ಇದ್ದರು. ಅವರ ಸೊಂಟವೂ ಬಿಂದಿಗೆ ಹೊತ್ತದ್ದೇ.

ಹೋದ ಸೋಮವಾರ ನಮ್ಮ ಶಾಲೆಯಿಂದ ಪರೀಕ್ಷೆಯ ಅರ್ಜಿಗಳು ಹೋದವು. ಹಾಜರಿ ಸಾಲದೆ ರತ್ನಮ್ಮನದು ಹೋಗಲಿಲ್ಲ. ಹೆಡ್‌ಮಾಸ್ಟರ ಜೊತೆ ಜಗಳ ಆಡಿದೆ, ಚೆನ್ನಾಗಿಯೇ ಆಡಿದೆ. “ರೂಲ್ಸ್ ನಾನು ಮಾಡಿದ್ದಾ ಮೇಡಂ?” ಅಂದರು. ಅವರು ಮಾಡಿದ್ದಲ್ಲ, ಅದೂ ನಿಜ. ಇಡೀ ಪ್ರಕರಣದಲ್ಲಿ ಯಾರೂ ಏನೂ ಮಾಡಿಲ್ಲ, ನೋಡಿ. ಎಲ್ಲ ಕೆಲಸ ಮಾಡಿದವಳು ಆ ಹುಡುಗಿ ಒಬ್ಬಳೇ. ಪರೀಕ್ಷೆಗೆ ಇಲ್ಲದವಳೂ ಅವಳೊಬ್ಬಳೇ.

ಅದೇ ವಾರ ರಾಬರ್ಟ್‌ಸನ್‌ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ನಾರಾಯಣಪ್ಪ ಸಿಕ್ಕರು. ಹಸುಗಳಿಗೆ ಹಿಂಡಿ ಕೊಂಡು ಮೂಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತು ಕೈ ಮುಗಿದರು. ಮುಖದ ತುಂಬ ಸಂತೋಷ.

“ಟೀಚ್ರಮ್ಮ, ನೀವೇಳಿದ್ದು ನಿಜ. ಗ್ಯಾಸು ಬಲೇ ಚೆನ್ನಾಗಿ ಉರೀತದೆ. ಕಟ್ಟಿಗೆ ಬೇಕಿಲ್ಲ, ಸೀಮೆಎಣ್ಣೆ ಬೇಕಿಲ್ಲ. ಎಲ್ಲಾ ಪುಕ್ಸಟ್ಟೆ.”

ನನಗೆ ಬಂದ ಸಿಟ್ಟನ್ನು ನುಂಗಿಕೊಂಡು, ಮಗಳ ಅರ್ಜಿ ಹೋಗಿಲ್ಲ, ಗೊತ್ತಾ ಅಂದೆ. ಗೊತ್ತು ಅಂದರು. ಬೇಜಾರೂ ಇತ್ತು ಅವರಿಗೆ, ಇಲ್ಲವೆನ್ನಲಾರೆ. ಒಂದು ಗಳಿಗೆ ಮೂಟೆಯ ಹುರಿಯನ್ನು ಎಳೆದು ಬಿಗಿ ಮಾಡಿದರು. ಆಮೇಲೆ ನನಗೇ ಸಮಾಧಾನ ಹೇಳಿದರು.

“ಓಗ್ಲಿ ಬಿಡಿ ಟೀಚ್ರಮ್ಮ, ಮುಂದಿನ ವರ್ಷ ಬರೀತಾಳೆ. ವರ್ಷಕ್ಕೇನು, ಮತ್ತೆ ಬರ್ತದೆ.”

ಬಸ್ಸು ಬಂತು. ಮಜ್ಜಿಗೆ ಕುಡಿಯೋಕೆ ಬನ್ನಿ ಅಂತ ಕರೆದು ಹತ್ತಿಕೊಂಡರು. ಮುಂದಿನ ವರ್ಷ ಬರೆಯುತ್ತೇನೆ ಅಂತ ಹೋದ ನನ್ನ ಹಳೆಯ ಹುಡುಗಿಯರು ಆಗಾಗ ಇದೇ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಾರೆ. ಕಂಕುಳಲ್ಲಿ ಮಗು ಇರುತ್ತದೆ, ಚೆನ್ನಾಗಿದೀರಾ ಮಿಸ್ ಅಂತ ಕೇಳುತ್ತಾರೆ.

ನಾಳೆ ಹತ್ತನೇ ಕ್ಲಾಸಿಗೆ ಅದೇ ಪಾಠದ ರಿವಿಷನ್. ಬೋರ್ಡಿನ ಮಧ್ಯೆ ಮತ್ತೆ ಗೆರೆ ಎಳೆಯಬೇಕು, ಎಡಕ್ಕೆ ಮುಗಿಯುವುದು, ಬಲಕ್ಕೆ ಮುಗಿಯದ್ದು. ಕಲ್ಲಿದ್ದಲು, ಬಿಸಿಲು ಎಲ್ಲ ತಂತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ.

ರತ್ನಮ್ಮನ ಈ ವರ್ಷವನ್ನು ಯಾವ ಕಡೆ ಬರೆಯಲಿ, ಹೇಳಿ?