ದಂಡ ಬೇಡವೆಂದ ಮೈಮೂನಮ್ಮ

ಪಾಣೆಮಂಗಳೂರಿನ ಮೈಮೂನಮ್ಮನಿಗೆ ಯಾರಾದರೂ ‘ಬೇಡ’ ಎಂದರೆ ಸಾಕು, ಆ ಕೆಲಸ ಆಯಿತೆಂದೇ ಲೆಕ್ಕ. ಗಂಡ ಉಮ್ಮರ್ ಸೌದಿಯ ದಮಾಮಿನಲ್ಲಿ ಎದೆನೋವು ಬಂದು ತೀರಿಕೊಂಡಾಗ ಮಗ ಅನ್ಸಾಫ್ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ. ಒಬ್ಬಳೇ ಇರುವುದು ಬೇಡ, ತವರಿಗೆ ಬಾ ಎಂದರು. ಹೋಗಲಿಲ್ಲ. ಮದುವೆ ಮನೆಗಳಿಗೆ ಅಕ್ಕಿ ರೊಟ್ಟಿ ಮಾಡಿಕೊಡಲು ಶುರುಮಾಡಿದಳು. ರಿಕ್ಷಾದವರನ್ನು ಕಾದು ಕಾದು ಬೇಸತ್ತು, ನಲವತ್ತು ದಾಟಿದ ಮೇಲೆ ಸ್ಕೂಟರ್ ಕಲಿತಳು. ಬುರ್ಖಾ ಹಾಕಿಕೊಂಡು, ಹಿಂದೆ ರೊಟ್ಟಿಯ ಡಬ್ಬ ಕಟ್ಟಿಕೊಂಡು ಮೆಲ್ಕಾರಿನಲ್ಲಿ ಲಾರಿಗಳ ನಡುವೆ ನುಗ್ಗುವ ಹೆಂಗಸನ್ನು ನೋಡಿ ಕಿಸಕ್ಕೆಂದು ನಕ್ಕವರು ಬೇಕಾದಷ್ಟು ಜನ. ನಕ್ಕವರ ಮನೆಯ ಮದುವೆಗೂ ಅವಳದ್ದೇ ರೊಟ್ಟಿ ಬೇಕಿತ್ತು, ಅದು ಬೇರೆ ಮಾತು.

ಇಂಥ ಹೆಂಗಸಿಗೂ ಮನೆಯೊಳಗಿನದ್ದು ಕಣ್ಣಿಗೆ ಬೀಳಲಿಲ್ಲ. ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಅನ್ಸಾಫ್ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಡಾಕ್ಟರು ನೋವಿಗೆ ಮಾತ್ರೆ ಬರೆದರು, ಕಾಲು ಕೂಡಿದ ಮೇಲೆ ನಿಲ್ಲಿಸು ಎಂದರು. ಕಾಲು ಕೂಡಿತು, ಮಾತ್ರೆ ನಿಲ್ಲಲಿಲ್ಲ. ಚೀಟಿ ಕೇಳದೆ ಮಾತ್ರೆ ಮಾರುವ ಯಾರೋ ಪುಣ್ಯಾತ್ಮ ಅವನಿಗೆ ಸಿಕ್ಕಿದ್ದ. ಹಗಲೆಲ್ಲ ತೂಕಡಿಸುವ ಮಗನನ್ನು ಕಂಡು, ಪಾಪ ದಣಿದಿದ್ದಾನೆ ಎಂದು ಕೋಳಿ ಸಾರು ಮಾಡಿ ಬಡಿಸಿದಳು ಈ ತಾಯಿ. ಉಜಿರೆಯ ಬಸ್ ನಿಲ್ದಾಣದಲ್ಲಿ ಪೊಲೀಸರು ಅವನ ಜೇಬಿನಿಂದ ಮಾತ್ರೆ ತೆಗೆದ ಮೇಲೆಯೇ ಅವಳಿಗೆ ವಿಷಯ ಗೊತ್ತಾದದ್ದು.

ಜಾಮೀನು ಕೊಡಿಸಿದ್ದು, ವಕೀಲ ರಮಾನಾಥರನ್ನು ಹಿಡಿದದ್ದು ಎಲ್ಲ ಅವಳ ಅಣ್ಣ ಅಬ್ದುಲ್ ಶುಕೂರ್. ಅವರಿಗೆ ದುಬೈಯಲ್ಲಿ ಅಂಗಡಿ, ಆಗ ರಜೆಯಲ್ಲಿ ಊರಿಗೆ ಬಂದಿದ್ದರು. ಈ ಕಡೆ ಹುಡುಗ ದಾರಿ ತಪ್ಪಿದರೆ ಎಲ್ಲರಿಗೂ ಹೊಳೆಯುವ ಮದ್ದು ಒಂದೇ, ಗಲ್ಫಿಗೆ ಹತ್ತಿಸುವುದು. ಪರೀಕ್ಷೆ ಫೇಲಾದರೂ ಗಲ್ಫು, ಹುಡುಗಿಯ ಹಿಂದೆ ಬಿದ್ದರೂ ಗಲ್ಫು.

“ತಪ್ಪು ಒಪ್ಪಿಕೊಳ್ಳಲಿ. ದಂಡ ಹಾಕ್ತಾರೆ, ನಾನು ಕಟ್ತೇನೆ. ವೀಸಾ ರೆಡಿ ಉಂಟು, ಮತ್ತೆ ವಿಮಾನ ಹತ್ತಿಸುವ,” ಎಂದರು ಶುಕೂರ್.

ರಮಾನಾಥರು ಗಂಟಲು ಸರಿಮಾಡಿಕೊಂಡರು. “ಇನ್ನೊಂದು ದಾರಿಯೂ ಉಂಟು. ಚಟ ಹತ್ತಿದವನು ತಾನಾಗಿ ಒಪ್ಪಿದರೆ ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸುವ ಅಧಿಕಾರ ಕೋರ್ಟಿಗೆ ಉಂಟು. ವಾಸಿಯಾದ ಬಗ್ಗೆ ಆಮೇಲೆ ವರದಿ ಕೊಡ್ಬೇಕು.”

“ಅದೆಲ್ಲ ಬೇಡ ವಕೀಲ್ರೇ. ಊರಿಡೀ ಸುದ್ದಿಯಾಗ್ತದೆ. ನಾಳೆ ಅವನಿಗೆ ಹೆಣ್ಣು ಕೊಡುವವರು ಯಾರು?”

ಮೈಮೂನಮ್ಮ ಆ ದಿನ ಬಾಯಿ ಬಿಡಲಿಲ್ಲ. ದೂರ ಹೋದರೆ ಮಗ ಸರಿಯಾದಾನು ಎಂಬ ಆಸೆ ಅವಳಿಗೂ ಇತ್ತು.

ಕೋರ್ಟಿನ ಹಿಂದಿನ ದಿನ ಮಧ್ಯಾಹ್ನ ಅವಳು ಮಗನ ಸಾಮಾನು ಕಟ್ಟಲು ಕುಳಿತಳು. ಗಲ್ಫಿಗೆ ಹೋಗುವವನ ಪೆಟ್ಟಿಗೆ ಎಂದರೆ ಗೊತ್ತಲ್ಲ, ಅದರಲ್ಲಿ ಅವನ ಬಟ್ಟೆಗಿಂತ ಅವರಿವರು ಮಕ್ಕಳಿಗೆ ಕಳಿಸುವ ಉಪ್ಪಿನಕಾಯಿ, ಒಣಮೀನುಗಳೇ ಹೆಚ್ಚು. ಪಕ್ಕದ ಮನೆಯವರು ತಮ್ಮ ಮಗನಿಗೆಂದು ಕೊಟ್ಟಿದ್ದ ಹಲಸಿನ ಹಪ್ಪಳದ ಕಟ್ಟು ಯಾಕೋ ಸಡಿಲವಾಗಿತ್ತು. ಬಿಗಿ ಮಾಡೋಣವೆಂದು ಬಿಚ್ಚಿದರೆ, ಹಪ್ಪಳಗಳ ನಡುವೆ ಮಾತ್ರೆಗಳು.

ಇಂಥ ಮಾತ್ರೆ ಒಯ್ದು ಅಲ್ಲಿಯ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ವರ್ಷಗಟ್ಟಲೆ ಒಳಗೆ ಕೊಳೆಯುವ ಹುಡುಗರ ಸುದ್ದಿಯನ್ನು ಮದುವೆ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದಳು. ಎಲ್ಲವನ್ನೂ ಪಾಯಿಖಾನೆಗೆ ಸುರಿದು ನೀರು ಹೊಯ್ದಳು. ಅಷ್ಟರಲ್ಲಿ ಬಂದ ಅನ್ಸಾಫ್ ಬಿಚ್ಚಿದ ಕಟ್ಟನ್ನು ನೋಡಿ ಬೆವರಿದ.

“ಅಲ್ಲಿ ಸಿಗುವುದಿಲ್ಲ ಉಮ್ಮಾ. ಸ್ವಲ್ಪ ದಿನಕ್ಕೆ ಮಾತ್ರ ಅಂತ...”

ಅವಳು ಅಣ್ಣನಿಗೆ ಫೋನ್ ಮಾಡಿದಳು. “ಬಿಸಾಡಿದೆಯಲ್ಲ, ಮುಗೀತು. ಯಾರ ಹತ್ತಿರವೂ ಹೇಳುವುದು ಬೇಡ,” ಎಂದು ಶುಕೂರ್ ಫೋನ್ ಇಟ್ಟರು. ಬೇಡ ಎಂದುಬಿಟ್ಟರು, ಪುಣ್ಯಕ್ಕೆ.

ಬೆಳ್ತಂಗಡಿಯ ಕೋರ್ಟಿನಲ್ಲಿ ಅನ್ಸಾಫ್ ತಪ್ಪು ಒಪ್ಪಿಕೊಂಡ. ರಮಾನಾಥರು ಎದ್ದು, ಸಣ್ಣ ಪ್ರಾಯ, ಮೊದಲ ತಪ್ಪು, ತಂದೆಯಿಲ್ಲದ ಹುಡುಗ, ದಂಡದಲ್ಲಿ ಮುಗಿಸಬೇಕು ಎಂದು ಕೇಳಿಕೊಂಡರು. ಜಡ್ಜ್ ಮೇಡಂ ಬರೆಯಲು ಪೆನ್ನು ಎತ್ತಿಕೊಂಡರು.

“ದಂಡ ಹಾಕಬೇಡಿ ಮೇಡಂ,” ಎನ್ನುತ್ತ ಹಿಂದಿನ ಬೆಂಚಿನಿಂದ ಮೈಮೂನಮ್ಮ ಎದ್ದಳು.

ಶುಕೂರ್ ಅವಳ ತೋಳು ಹಿಡಿದೆಳೆದರು. ಅವಳು ಕೊಸರಿಕೊಂಡು ಮುಂದೆ ನಡೆದಳು.

“ಯಾರಮ್ಮಾ ನೀವು?” ಎಂದು ಜಡ್ಜ್ ಕೇಳಿದರು.

“ಇವನ ತಾಯಿ. ದಂಡ ಕಟ್ಟಿ ಇವನನ್ನು ಗಲ್ಫಿಗೆ ಕಳಿಸ್ತಾರೆ. ಚಟ ಬಿಟ್ಟಿಲ್ಲ. ನಿನ್ನೆ ಕೂಡ ಸಾಮಾನಿನಲ್ಲಿ ಮಾತ್ರೆ ಇಟ್ಟಿದ್ದ, ನಾನೇ ಬಿಸಾಡಿದೆ. ಇಲ್ಲಿಯ ಜೈಲಾದರೆ ಬಸ್ಸು ಹತ್ತಿ ಹೋಗಿ ನೋಡಿ ಬರ್ತೇನೆ. ಅಲ್ಲಿ ಹಿಡಿದರೆ ನಾನು ಯಾವ ಬಸ್ಸು ಹತ್ತುವುದು? ಇವನನ್ನು ಚಿಕಿತ್ಸೆಗೆ ಕಳಿಸಿ.”

ಜಡ್ಜ್ ಅನ್ಸಾಫನ ಕಡೆ ತಿರುಗಿದರು. “ನೀನು ಒಪ್ಪದೆ ನಾನು ಕಳಿಸೋಕಾಗಲ್ಲಪ್ಪ. ಹೋಗ್ತೀಯಾ?”

ಅನ್ಸಾಫ್ ಮಾವನ ಮುಖ ನೋಡಿದ. ಮಾವ ಬೇಡವೆಂದು ತಲೆಯಾಡಿಸಿದರು.

“ಅವರನ್ನು ಯಾಕೆ ನೋಡ್ತಿ?” ಎಂದಳು ಮೈಮೂನಮ್ಮ. “ಮಾತ್ರೆ ಇಲ್ಲದೆ ಒಂದು ದಿನ ಇರ್ಲಿಕ್ಕೆ ಆಗ್ತದಾ ನಿನಗೆ? ಆಗ್ತದೆ ಅಂತ ಹೇಳು, ನಾನು ಹೋಗಿ ಕೂತ್ಕೊಳ್ತೇನೆ.”

ಅವನು ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಆಗುವುದಿಲ್ಲ.”

“ಗಟ್ಟಿಯಾಗಿ ಹೇಳು. ಮೇಡಮಿಗೆ ಕೇಳ್ಬೇಕು.”

“ಆಗುವುದಿಲ್ಲ ಉಮ್ಮಾ. ಹೋಗ್ತೇನೆ.”

ಜಡ್ಜ್ ಆದೇಶ ಬರೆಸಿದರು. ಶಿಕ್ಷೆ ಸದ್ಯಕ್ಕಿಲ್ಲ. ಸರಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ, ವರ್ಷದೊಳಗೆ ವರದಿ. ಅವನು ತಪ್ಪಿಸಿಕೊಳ್ಳದಂತೆ ಒಬ್ಬರು ಹೊಣೆ ನಿಲ್ಲಬೇಕು.

ಹೊರಗೆ ಜಗಲಿಯಲ್ಲಿ ಶುಕೂರರ ಮುಖ ಕೆಂಪಾಗಿತ್ತು. “ಕುಟುಂಬದ ಮಾನ ತೆಗೆದೆ. ಇನ್ನು ನನ್ನ ಬಾಗಿಲಿಗೆ ಬರಬೇಡ.”

“ಬರುವುದಿಲ್ಲ ಕಾಕ. ನನಗೆ ಮಗ ಬೇಕು,” ಎಂದಳು ಅಣ್ಣನಿಗೆ. ಅವರು ಕಾರು ಹತ್ತಿ ಹೋದ ಮೇಲೆ ಒಳಗೆ ಹೋಗಿ, ಹೊಣೆಗೆ ತಾನೇ ಸಹಿ ಹಾಕಿ ಬಂದಳು.

ಅನ್ಸಾಫ್ ಮೆಟ್ಟಿಲ ಮೇಲೆ ಕುಳಿತು ಅವಳನ್ನು ದುರುಗುಟ್ಟಿ ನೋಡಿದ. “ನಾನು ಅರ್ಧದಲ್ಲಿ ಓಡಿ ಬಂದ್ರೆ ಪೊಲೀಸರು ಬರುವುದು ನಿನ್ನ ಹತ್ತಿರ. ಗೊತ್ತುಂಟಾ?”

“ಗೊತ್ತುಂಟು. ಓಡಿ ಬಾ,” ಎಂದು ಮೈಮೂನಮ್ಮ ಅವನ ರಟ್ಟೆ ಹಿಡಿದು ಎಬ್ಬಿಸಿದಳು. “ಪೊಲೀಸರಿಗೆ ಯಾಕೆ ತೊಂದರೆ, ನಾನೇ ಹಿಡಿದು ತರ್ತೇನೆ.”